ನೀರಿನ ಲೆಕ್ಕದ ಮೇಲೆ ಓಡುವ ಸೈಕಲ್

ಆಸ್ಟ್ರೇಲಿಯಾದ ಒಳನಾಡಿನ ಒಣ, ಜನವಿರಳ ಬಯಲಿಗೆ ಔಟ್‌ಬ್ಯಾಕ್ ಎಂದು ಹೆಸರು. ಅದನ್ನು ಸೈಕಲ್ಲಿನಲ್ಲಿ ದಾಟಿದವರ ಬಗ್ಗೆ ನಾವು ಓದುವ ಕಥೆಗಳ ಧಾಟಿ ಸಾಮಾನ್ಯವಾಗಿ ಒಂದೇ: ಒಬ್ಬಂಟಿ ಸವಾರ, ಕೆಂಪು ಮಣ್ಣು, ದಣಿಯದ ಕಾಲು, ಬಗ್ಗದ ಛಲ. ಛಲ ಬೇಕು, ನಿಜ. ಆದರೆ ಈ ಯಾತ್ರೆಗಳ ಇತಿಹಾಸವನ್ನೂ ಆ ನೆಲದ ಭೂಗೋಳವನ್ನೂ ಜೊತೆಗಿಟ್ಟು ನೋಡಿದರೆ ಬೇರೆಯ ಸಂಗತಿಯೇ ಎದ್ದು ಕಾಣುತ್ತದೆ. ಅಲ್ಲಿ ಸವಾರನನ್ನು ದಾಟಿಸುವುದು ಮೊದಲು ನೀರು, ಆಮೇಲೆ ಕಾಲು. ನೀರು ಎಲ್ಲಿದೆ ಎಂಬ ತಿಳಿವಳಿಕೆಯೂ ಅವನ ಸ್ವಂತ ಗಳಿಕೆಯಲ್ಲ, ಬೇರೆಯವರು ಕಟ್ಟಿಕೊಟ್ಟ ಬುತ್ತಿ.

ಇದಕ್ಕೆ ದಕ್ಷಿಣ ಆಸ್ಟ್ರೇಲಿಯಾದ ಊಡ್ನಡಾಟಾ ಟ್ರ್ಯಾಕ್ ಒಳ್ಳೆಯ ಸಾಕ್ಷಿ. ಮಾರ್‍ರಿ ಎಂಬ ಊರಿನಿಂದ ಮಾರ್ಲಾವರೆಗೆ ಸುಮಾರು 620 ಕಿಲೋಮೀಟರ್ ಉದ್ದದ ಮಣ್ಣುರಸ್ತೆ ಅದು. ನಕ್ಷೆಯಲ್ಲಿ ನೋಡಿದರೆ ಅದು ನೇರವಾಗಿಲ್ಲ, ಬಾಗಿಕೊಂಡು ಹೋಗುತ್ತದೆ. ಆ ಬಾಗಿಗೆ ಕಾರಣ ನೆಲದಡಿಯಲ್ಲಿದೆ. ಆಸ್ಟ್ರೇಲಿಯಾದ ಐದನೆಯ ಒಂದು ಭಾಗಕ್ಕಿಂತ ಹೆಚ್ಚು ನೆಲದ ಅಡಿಯಲ್ಲಿ ಗ್ರೇಟ್ ಆರ್ಟೀಸಿಯನ್ ಬೇಸಿನ್ ಎಂಬ ಬೃಹತ್ ಅಂತರ್ಜಲ ಹರಡಿದೆ. ಅದರ ಅಂಚಿನಲ್ಲಿ, ಒತ್ತಡದಲ್ಲಿರುವ ನೀರು ಬಿರುಕುಗಳ ಮೂಲಕ ಮೇಲೆದ್ದು ಸಾಲುಸಾಲು ಊಟೆಗಳಾಗಿದೆ. ಈ ಸಾಲನ್ನು ಹಿಡಿದು ಮೂಲನಿವಾಸಿಗಳು ಯುಗಯುಗಗಳಿಂದ ಓಡಾಡಿದರು, ಕಾವಿಮಣ್ಣಿನ ವ್ಯಾಪಾರ ಮಾಡಿದರು. 1859ರಲ್ಲಿ ಅನ್ವೇಷಕ ಜಾನ್ ಮ್ಯಾಕ್‌ಡೂಯಲ್ ಸ್ಟುವರ್ಟ್ ಉತ್ತರಕ್ಕೆ ಹೊರಟಾಗ ಅವನಿಗೂ ಆಸರೆಯಾದದ್ದು ಇವೇ ಊಟೆಗಳು. 1872ರಲ್ಲಿ ಪೂರ್ಣಗೊಂಡ ತಂತಿಮಾರ್ಗ ಅದೇ ಜಾಡಿನಲ್ಲಿ ಹೋಯಿತು. ಉಗಿ ಎಂಜಿನ್‌ಗೂ ನೀರು ಬೇಕಿದ್ದರಿಂದ ರೈಲೂ ಅದನ್ನೇ ಹಿಡಿದು 1891ರಲ್ಲಿ ಊಡ್ನಡಾಟಾ ತಲುಪಿತು. 1980ರಲ್ಲಿ ಆ ಹಳಿ ಮುಚ್ಚಿತು. ಪಕ್ಕದ ಮಣ್ಣುದಾರಿ ಉಳಿದಿದೆ, ಸೈಕಲ್ ಯಾತ್ರಿಕರು ಇಂದು ತುಳಿಯುವುದು ಅದನ್ನೇ.

ಬೇಕಾದ ನೀರನ್ನೆಲ್ಲ ಹೊತ್ತುಕೊಂಡೇ ಹೊರಟರೆ ಈ ಹಂಗೇಕೆ ಎಂದು ಕೇಳಬಹುದು. ಲೆಕ್ಕ ಹಾಕಿ ನೋಡೋಣ. ಮಾರ್‍ರಿಯಿಂದ ವಿಲಿಯಂ ಕ್ರೀಕ್ ಎಂಬ ಪುಟ್ಟ ಊರಿಗೆ ಸುಮಾರು 200 ಕಿಲೋಮೀಟರ್, ಅಲ್ಲಿಂದ ಊಡ್ನಡಾಟಾಕ್ಕೆ ಮತ್ತೆ ಅಷ್ಟೇ. ಮಣ್ಣುರಸ್ತೆಯಲ್ಲಿ ದಿನಕ್ಕೆ 65 ಕಿಲೋಮೀಟರ್ ಸಾಗಿದರೂ ಒಂದು ಹಂತಕ್ಕೆ ಮೂರು ದಿನ. ಕುಡಿಯಲು, ಅಡುಗೆಗೆ ದಿನಕ್ಕೆ 8 ಲೀಟರ್ ಎಂದುಕೊಂಡರೆ 24 ಲೀಟರ್. ಗಾಳಿ ಎದುರಾಗಿ ಒಂದು ದಿನ ತಡವಾದೀತೆಂದು ಎತ್ತಿಟ್ಟರೆ 32. ಲೀಟರಿಗೆ ಒಂದು ಕಿಲೋ, ಅಂದರೆ ನೀರೊಂದೇ ಸೈಕಲ್ಲಿನ ಎರಡರಷ್ಟು ತೂಗುತ್ತದೆ. ಮೇಲೆ ಡೇರೆ, ಆಹಾರ, ರಿಪೇರಿ ಸಾಮಾನು. ಭಾರ ಹೆಚ್ಚಿದಷ್ಟೂ ವೇಗ ಇಳಿಯುತ್ತದೆ, ವೇಗ ಇಳಿದಷ್ಟೂ ದಿನ ಹೆಚ್ಚುತ್ತದೆ, ದಿನ ಹೆಚ್ಚಿದಷ್ಟೂ ಇನ್ನೂ ನೀರು ಬೇಕಾಗುತ್ತದೆ. ರಸ್ತೆಯೂ ಸುಮ್ಮನಿರುವುದಿಲ್ಲ. ವೇಗದ ವಾಹನಗಳ ಚಕ್ರಗಳು ಪುಟಿದು ಪುಟಿದು ಮಣ್ಣನ್ನು ಜಿಂಕ್ ಶೀಟಿನಂತೆ ಅಲೆಅಲೆಯಾಗಿಸಿರುತ್ತವೆ. ನಮ್ಮ ಹೊಲದ ಬದುಗಳಲ್ಲಿ ಬೆಳೆಯುವ ನೆಗ್ಗಿಲಮುಳ್ಳು ಅಲ್ಲಿಯೂ ಇದೆ, ಟ್ಯೂಬಿಗೆ ಅದು ದೊಡ್ಡ ಶತ್ರು. ಮಧ್ಯೆ ನೀರು ತುಂಬಿಕೊಳ್ಳುವ ತಾಣವಿಲ್ಲದ ಮಾರ್ಗ ಬಹುಬೇಗ ಅಸಾಧ್ಯವಾಗುತ್ತದೆ.

ಹಿಂದಿನವರು ಇಂಥ ತಾಣಗಳಿಲ್ಲದೆ ದಾಟಲಿಲ್ಲವೇ ಎಂಬುದು ಇನ್ನೊಂದು ಆಕ್ಷೇಪ. ದಾಟಿದರು. ಆರ್ಥರ್ ರಿಚರ್ಡ್‌ಸನ್ 1896ರಲ್ಲಿ ಕೂಲ್‌ಗಾರ್ಡಿಯಿಂದ ಅಡಿಲೇಡ್‌ಗೆ ನಲ್ಲರ್‌ಬೋರ್ ಬಯಲಿನ ಮೂಲಕ 31 ದಿನಗಳಲ್ಲಿ ಬಂದ. ಮುಂದೆ 1899–1900ರಲ್ಲಿ ಇಡೀ ಖಂಡವನ್ನೇ ಸೈಕಲ್ಲಿನಲ್ಲಿ ಸುತ್ತಿದ. ಜೆರೋಮ್ ಮ್ಯೂರಿಫ್ 1897ರಲ್ಲಿ ಅಡಿಲೇಡ್‌ನಿಂದ ಡಾರ್ವಿನ್‌ಗೆ ಸುಮಾರು ಎರಡೂವರೆ ತಿಂಗಳಲ್ಲಿ ತಲುಪಿದ. ಆದರೆ ನಲ್ಲರ್‌ಬೋರ್ ಮತ್ತು ಡಾರ್ವಿನ್ ಯಾತ್ರೆಗಳಲ್ಲಿ ಇಬ್ಬರೂ ಹಿಡಿದದ್ದು ತಂತಿಮಾರ್ಗಗಳನ್ನೇ. ಅಲ್ಲಲ್ಲಿ ತಂತಿಕಚೇರಿ, ಅಲ್ಲಿ ಜನ, ನೀರು. ಚಿನ್ನದ ಗಣಿಗಳ ಸೀಮೆಯಲ್ಲಿ ಪತ್ರ ಒಯ್ಯುತ್ತಿದ್ದ ಸೈಕಲ್ ಸವಾರರು ಒಂಟೆಗಳ ಹೆಜ್ಜೆ ಬಿದ್ದು ನುಣುಪಾದ ಕಾಲುದಾರಿಗಳ ಮೇಲೆ ಓಡುತ್ತಿದ್ದರು. ಆ ಒಂಟೆಗಳನ್ನು ನಡೆಸುತ್ತಿದ್ದವರನ್ನು ಒಟ್ಟಾಗಿ ‘ಆಫ್ಘನ್ನರು’ ಎಂದು ಕರೆದರೂ, ಅವರಲ್ಲಿ ಬಲೂಚಿಸ್ತಾನ, ಪಂಜಾಬ, ಸಿಂಧ್‌ಗಳಿಂದ ಹೋದವರು ಬಹಳ ಮಂದಿ ಇದ್ದರು. ಸವಾರರ ಹೆಸರು ದಾಖಲೆ ಸೇರಿತು, ದಾರಿ ಮಾಡಿಕೊಟ್ಟವರ ಹೆಸರು ಹೆಚ್ಚಾಗಿ ಅಳಿದುಹೋಯಿತು.

ಈ ಮರೆವು ಮುಗ್ಧವಾದದ್ದೇನಲ್ಲ. ಪಶ್ಚಿಮ ಆಸ್ಟ್ರೇಲಿಯಾದ ಕ್ಯಾನಿಂಗ್ ಸ್ಟಾಕ್ ರೂಟ್ ಸುಮಾರು 1,850 ಕಿಲೋಮೀಟರ್ ಉದ್ದದ ಹಳೆಯ ದನದ ಹಾದಿ. ಮರಳುದಿಬ್ಬಗಳ ಆ ಹಾದಿಯನ್ನು ಅಗಲ ಟೈರಿನ ಸೈಕಲ್ಲುಗಳಲ್ಲಿ ದಾಟುವುದು ಈಗಿನ ದೊಡ್ಡ ಸಾಹಸಗಳಲ್ಲೊಂದು. ಆ ಹಾದಿಯ ಬಾವಿಗಳನ್ನು ತೋಡಿಸಿದ್ದು ಸರ್ವೇಯರ್ ಆಲ್ಫ್ರೆಡ್ ಕ್ಯಾನಿಂಗ್. ಆದರೆ 1906ರ ಸರ್ವೇಯಲ್ಲಿ ಅವನು ಮೂಲನಿವಾಸಿಗಳನ್ನು ಹಿಡಿದು, ಕತ್ತಿಗೆ ಸರಪಳಿ ಹಾಕಿ, ನೀರಿನ ತಾಣ ತೋರಿಸುವಂತೆ ಒತ್ತಾಯಿಸಿದ್ದ. 1908ರ ವಿಚಾರಣಾ ಆಯೋಗ ಅವನನ್ನು ದೋಷಮುಕ್ತನನ್ನಾಗಿ ಮಾಡಿದರೂ ಸರಪಳಿಯ ಸಂಗತಿ ಸುಳ್ಳಾಗಲಿಲ್ಲ. ಅಲ್ಲಿ ನೀರು ಕುಡಿಯುವ ಯಾತ್ರಿಕ ತಿಳಿದಿರಬೇಕಾದ ಇತಿಹಾಸವಿದು.

ಉಪಗ್ರಹದ ಕಾಲದಲ್ಲಿ ಇದೆಲ್ಲ ಹಳೆಯ ಮಾತು ಎನ್ನುವವರೂ ಇದ್ದಾರೆ. ಇಂದಿನ ಯಾತ್ರಿಕ ಊಟೆಯ ನೀರನ್ನು ಕುಡಿಯುವುದಿಲ್ಲ ಎಂಬುದು ಸರಿ. ಅದರಲ್ಲಿ ಲವಣ ಹೆಚ್ಚು, ಜೊತೆಗೆ ಬೇರೆಲ್ಲೂ ಇಲ್ಲದ ಜಲಜೀವಿಗಳ ನೆಲೆ ಅದು. ಆದರೆ ಅವನು ಬಾಟಲಿ ತುಂಬಿಕೊಳ್ಳುವ ಊರುಗಳು ಅಲ್ಲಿ ಹುಟ್ಟಿದ್ದೇ ಈ ನೀರಿನ ಜಾಡಿನಿಂದ. ತುರ್ತು ಸಂಕೇತ ಕಳಿಸುವ ಬೀಕನ್ ಉಪಕರಣ ಖಂಡಿತ ಜೊತೆಗಿರಬೇಕು. ಆದರೆ ಅದು ಸಹಾಯ ಕರೆಯುತ್ತದೆಯೇ ಹೊರತು ನೀರು ಕೊಡುವುದಿಲ್ಲ. ಸಹಾಯ ಬರುವವರೆಗಿನ ಗಂಟೆಗಳನ್ನು ಕೈಯಲ್ಲಿರುವ ನೀರಿನಲ್ಲೇ ಕಳೆಯಬೇಕು. ಊಡ್ನಡಾಟಾದಲ್ಲಿ 1960ರ ಜನವರಿಯಲ್ಲಿ ದಾಖಲಾದ ತಾಪಮಾನ 50.7 ಡಿಗ್ರಿ ಸೆಲ್ಸಿಯಸ್. ಅಂಥ ಬೇಸಿಗೆಯಲ್ಲಿ ಹೊರಡುವವನನ್ನು ಯಾವ ಯಂತ್ರವೂ ಕಾಯಲಾರದು.

ಆದ್ದರಿಂದ ಆಸ್ಟ್ರೇಲಿಯಾದಲ್ಲಿ ನೆಲೆಸಿರುವ ಕನ್ನಡಿಗರಾಗಲಿ, ಇಲ್ಲಿಂದ ಹೋಗಬಯಸುವವರಾಗಲಿ, ಸೈಕಲ್ಲಿನ ಗೇರು, ಟೈರುಗಳನ್ನು ಆರಿಸುವ ಮೊದಲು ನೀರಿನ ನಕ್ಷೆ ಬಿಡಿಸಿಕೊಳ್ಳಲಿ. ಮೇಯಿಂದ ಆಗಸ್ಟ್‌ವರೆಗಿನ ತಂಪು ತಿಂಗಳುಗಳಲ್ಲೇ ಹೊರಡಲಿ. ಮಳೆ ಬಿದ್ದು ರಸ್ತೆ ಮುಚ್ಚಿದ್ದರೆ ಕಾಯಲಿ. ಮೂಲನಿವಾಸಿಗಳ ಭೂಮಿಯನ್ನು ಹಾಯುವಾಗ ಅನುಮತಿಯನ್ನು ಕಾಗದದ ಶಾಸ್ತ್ರವೆಂದು ತಿಳಿಯದೆ ಮನೆಯವರನ್ನು ಕೇಳಿ ಒಳಹೋಗುವ ಮರ್ಯಾದೆಯೆಂದು ತಿಳಿಯಲಿ. ಔಟ್‌ಬ್ಯಾಕನ್ನು ಯಾರೂ ಒಂಟಿಯಾಗಿ ದಾಟಿಲ್ಲ. ಹಾಗೆ ದಾಟಿದೆನೆಂದು ಹೇಳಿಕೊಳ್ಳುವುದು ಶೌರ್ಯವಲ್ಲ, ಕೃತಘ್ನತೆ.