ಹಿತ್ತಲಿಗೊಂದು ಹಸಿರು ಮರೆ
ಹಿತ್ತಲಿಗೆ ಮರೆ ಬೇಕು ಎಂದಾಗ ನಮ್ಮ ಮಾಲೂರಿನಲ್ಲಿ ಎಲ್ಲರೂ ಹೇಳಿದ್ದು ನೀಲಗಿರಿ. ಕೋಲಾರದ ಬಯಲಿನಲ್ಲಿ ಎಲ್ಲೆಲ್ಲೂ ಕಾಣುವ ಈ ಮರವನ್ನು ಹೊಸದಾಗಿ ನೆಡಬಾರದೆಂದು ಸರ್ಕಾರ 2017ರಲ್ಲೇ ನಿಷೇಧಿಸಿದೆ. ಬೋರ್‌ವೆಲ್ ನಂಬಿದ ಊರಿಗೆ ಅದು ಸರಿಯೇ. ಮೇಲಾಗಿ, ಬೆಳೆದಂತೆ ಬುಡ ಬೋಳಾಗುವ ಮರ ಏನನ್ನು ಮರೆಮಾಡೀತು? ನರ್ಸರಿಯಲ್ಲಿ ತೋರಿಸಿದ ಕೋನೋಕಾರ್ಪಸ್ ದಟ್ಟವೇನೋ ನಿಜ. ಗುಜರಾತ್ ಅದನ್ನೂ 2023ರಲ್ಲಿ ನಿಷೇಧಿಸಿತು.

ಪಕ್ಕದಲ್ಲಿ ಲೇಔಟ್ ರಸ್ತೆ ಬಂದ ಮೇಲೆ ಅಮ್ಮ ಬೆಳಕು ಹರಿಯುವ ಮೊದಲೇ ಬಟ್ಟೆ ಒಗೆದು ಮುಗಿಸುತ್ತಾರೆ. ನಮಗೆ ಬೇಕಿದ್ದುದು ಬುಡದಿಂದಲೇ ತುಂಬಿದ, ಆಳೆತ್ತರದ ಬೇಲಿ. ನನ್ನ ಓಟು ಗೋರಂಟಿಗೆ. ಒಣನೆಲಕ್ಕೆ ಒಗ್ಗುತ್ತದೆ, ಕತ್ತರಿಸಿದಷ್ಟೂ ಕವಲೊಡೆಯುತ್ತದೆ. ಮುಂಗಾರಿಗೆ ಒತ್ತಾಗಿ ನೆಟ್ಟಿದ್ದೇವೆ. ಸದ್ಯಕ್ಕೆ ಟೊಮೆಟೊ ತೋಟದ ಹಳೆ ನೆಟ್ ಕಟ್ಟಿದೆ. ತಂಗಿ ಆಗಲೇ ಎಲೆ ಎಣಿಸುತ್ತಿದ್ದಾಳೆ, ಹಬ್ಬಕ್ಕೆ ಎರಡೂ ಅಂಗೈಗೆ ಸಾಲುತ್ತದೆಯೇ ಎಂದು.