ಮೊಣಕಾಲು ನೋವೂ ಬಾವಿಯ ನೀರೂ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಬೇಸಾಯವೆಲ್ಲವೂ ಮೊಣಕಾಲಿನ ಬಲದ ಮೇಲೆ ನಿಂತಿರುವುದು. ಗಂಗಾವತಿಯ ಕಾಲುವೆ ಗದ್ದೆಗಳಲ್ಲಿ ಸಸಿ ನೆಡುವವರಿಗೂ, ಕುಷ್ಟಗಿಯ ಒಣಭೂಮಿಯಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಕಳೆ ತೆಗೆಯುವವರಿಗೂ ಮೊಣಕಾಲು ನೋವು ಹೊಸದಲ್ಲ. ಆದರೆ ಅದು ಎಲ್ಲರಿಗೂ ಒಂದೇ ಕಾರಣದಿಂದ ಬರುವುದಿಲ್ಲ. ಕಾರಣವನ್ನರಿಯದೆ ಮಾಡಿದ ಉಪಾಯವು ವ್ಯರ್ಥವಾಗುವುದು.

ವಯಸ್ಸಾದವರಲ್ಲಿ ಕೀಲಿನ ಮೃದ್ವಸ್ಥಿಯು ಸವೆಯುವುದೇ ಸಾಮಾನ್ಯ ಕಾರಣವು. ಮೆಟ್ಟಿಲೇರುವಾಗಲೂ ಕುಳಿತು ಏಳುವಾಗಲೂ ನೋವು ಹೆಚ್ಚಿ, ವಿಶ್ರಾಂತಿಯಿಂದ ತಗ್ಗುವುದು ಇದರ ಗುರುತು. ದೇಹದ ತೂಕವೂ ಹಳೆಯ ಪೆಟ್ಟೂ ಈ ಸವೆತವನ್ನು ಹೆಚ್ಚಿಸುವುವು. ಕೈಬೆರಳುಗಳ ಕೀಲುಗಳೂ ಬಾತು, ಬೆಳಿಗ್ಗೆ ಬಹಳ ಹೊತ್ತು ಬಿಗಿದಿದ್ದರೆ ಅದು ಕೀಲುವಾತವಿರಬಹುದು. ಒಂದೇ ಮೊಣಕಾಲು ಒಮ್ಮೆಲೇ ಕೆಂಪಾಗಿ, ಬಿಸಿಯೇರಿ, ಜ್ವರವೂ ಬಂದರೆ ರೋಗಿಯನ್ನು ಅದೇ ದಿನ ಆಸ್ಪತ್ರೆಗೆ ಒಯ್ಯತಕ್ಕದ್ದು.

ಇವಲ್ಲದೆ ಈ ಸೀಮೆಯಲ್ಲಿ, ವಿಶೇಷವಾಗಿ ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳಲ್ಲಿ, ಇನ್ನೊಂದು ಕಾರಣವುಂಟು. ಅದು ನೆಲದೊಳಗಿನ ಬಂಡೆಗಳಿಂದ ಕೊಳವೆಬಾವಿಯ ನೀರಿಗಿಳಿಯುವ ಫ್ಲೋರೈಡ್ ಎಂಬ ಲವಣಾಂಶ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಮನ್ನು ಮೀರಬಾರದು. ಬೇರೆ ನೀರಿಲ್ಲದ ಕಡೆಗಳಲ್ಲಿಯೂ 1.5 ಮಿಲಿಗ್ರಾಮೇ ಮೇರೆಯೆಂದು ಭಾರತೀಯ ಮಾನಕವು ಗೊತ್ತುಪಡಿಸಿದೆ. ಈ ಮೇರೆಯನ್ನು ಬಹಳವಾಗಿ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಲವಣವು ಎಲುಬಿನಲ್ಲಿ ಸೇರಿ ಕೀಲುಗಳು ನೋಯುವುವು. ಕುತ್ತಿಗೆ, ಬೆನ್ನುಗಳು ಬಿಗಿದು ಬಾಗದಾಗುವುವು. ಮಕ್ಕಳ ಹಲ್ಲುಗಳಲ್ಲಿ ಸುಣ್ಣದಂತಹ ಬಿಳಿಯ ಮಚ್ಚೆಗಳೂ ಕಂದು ಗೆರೆಗಳೂ ಮೂಡುವುವು. ಕೆಲವರ ಕಾಲುಗಳು ಸೊಟ್ಟಗಾಗುವುದೂ ಉಂಟು.

ನಮ್ಮ ದೇಶದಲ್ಲಿ ಈ ರೋಗವು ಮನುಷ್ಯರಲ್ಲಿರುವುದು 1937ರಲ್ಲಿ ಅಂದಿನ ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಿಂದ ಪ್ರಕಟವಾಯಿತು. ಅದಕ್ಕೂ ಮೊದಲೇ ಅಲ್ಲಿಯ ರೈತರು ತಮ್ಮ ಎತ್ತುಗಳು ಕೀಲು ಬಿಗಿದು ನಡೆಯಲಾರದಿದ್ದುದನ್ನು ಕಂಡಿದ್ದರು. ಆದಕಾರಣ ದನಗಳ ಕುಂಟನ್ನೂ ಮಕ್ಕಳ ಹಲ್ಲನ್ನೂ ನೋಡುವವನು ಬಾವಿಯ ಗುಣವನ್ನು ಮೊದಲೇ ಊಹಿಸಬಲ್ಲನು.

ನೀರನ್ನು ಕಾಯಿಸುವುದರಿಂದ ಫ್ಲೋರೈಡ್ ಹೋಗುವುದಿಲ್ಲ. ನೀರು ಇಂಗಿದಷ್ಟೂ ಅದರ ಸಾಂದ್ರತೆಯು ಹೆಚ್ಚುವುದು. ನೋಟಕ್ಕಾಗಲಿ ರುಚಿಗಾಗಲಿ ಅದು ತಿಳಿಯದು, ಪರೀಕ್ಷೆಯೊಂದೇ ದಾರಿ. ಊರಿನ ಹಿರಿಯರು ಪ್ರತಿಯೊಂದು ಕೊಳವೆಬಾವಿಯ ನೀರನ್ನೂ ಬೇರೆಬೇರೆಯಾಗಿ ಪ್ರಯೋಗಶಾಲೆಗೆ ಕಳುಹಿಸಿ, ಮೇರೆ ಮೀರಿದ ಬಾವಿಗೆ ಕೆಂಪು ಬಣ್ಣ ಬಳಿಸಿ, ಅದನ್ನು ಬಟ್ಟೆ ಒಗೆಯುವುದಕ್ಕೆ ಬಿಡುವುದು ಲೇಸು. ಕುಡಿಯಲಿಕ್ಕೂ ಅಡಿಗೆಗೂ ನದಿಯ ನೀರು, ಶುಚಿಯಾಗಿ ಹಿಡಿದಿಟ್ಟ ಮಳೆನೀರು ಅಥವಾ ಶುದ್ಧೀಕರಣ ಘಟಕದ ನೀರನ್ನು ಉಪಯೋಗಿಸಬೇಕು. ಹಾಲು, ರಾಗಿ, ಸೊಪ್ಪುಗಳು ಮಕ್ಕಳ ಎಲುಬಿಗೆ ಬಲವನ್ನು ಕೊಡುವುವು.

ಒಮ್ಮೆ ಬಿಗಿದ ಬೆನ್ನನ್ನು ಯಾವ ಔಷಧವೂ ಮೊದಲಿನಂತೆ ಮಾಡಲಾರದು. ಇಂದು ಹಾಲುಹಲ್ಲು ಬೀಳುತ್ತಿರುವ ಮಗುವನ್ನು ಮಾತ್ರ ಒಳ್ಳೆಯ ನೀರು ಕಾಪಾಡಬಲ್ಲದು.