ಉರಿಯುವ ಮನೆಯ ಗಳ

ಉರಿಯುವ ಮನೆಯಲ್ಲಿ ಗಳ ಹಿರಿಯುವುದು ಎಂಬ ಗಾದೆ ನಮ್ಮಲ್ಲಿ ಬಹು ಹಳೆಯದು. ಗಳವೆಂದರೆ ಮುಳಿಹುಲ್ಲಿನ ಮಾಡಿಗೆ ಹಾಸುತ್ತಿದ್ದ ಬಿದಿರು. ಅಂಥ ಮನೆಗಳೇ ಮಾಯವಾಗಿರುವ ಈ ಕಾಲದಲ್ಲಿ ಮಕ್ಕಳಿಗೆ ಅದನ್ನು ಬಿಡಿಸಿ ಹೇಳಬೇಕಾದೀತು. ಊರಿಗೆ ಊರೇ ಬೆಂಕಿಯನ್ನು ಆರಿಸುವುದರಲ್ಲಿ ತೊಡಗಿರುವಾಗ ಒಬ್ಬಾತ, ತನ್ನ ಕೊಟ್ಟಿಗೆಗಾದೀತೆಂದು, ಸುಡದೆ ಉಳಿದ ಗಳವೊಂದನ್ನು ಮೆಲ್ಲನೆ ಎಳೆದುಕೊಳ್ಳುತ್ತಾನೆ. ಆತ ದೂರದಿಂದ ಬಂದ ದರೋಡೆಗಾರನಲ್ಲ, ಪಕ್ಕದ ಮನೆಯವನೇ. ಇನ್ನೊಂದು ಸಂಗತಿಯೂ ಉಂಟು. ಬೆಂಕಿ ಮುಂದಿನ ಮಾಡಿಗೆ ಹಬ್ಬದಿರಲೆಂದು ಗಳ ಕೀಳುವವರೂ ಅಲ್ಲಿ ಇರುತ್ತಾರೆ. ದೂರ ನಿಂತು ನೋಡುವವನಿಗೆ ಇಬ್ಬರೂ ಒಂದೇ ಬಗೆಯಾಗಿ ತೋರುತ್ತಾರೆ.

ನೆರೆಯೋ ಭೂಕುಸಿತವೋ ಸಂಭವಿಸಿದ ತರುವಾಯ ಸರಕಾರವೂ ದಾನಿಗಳೂ ಒದಗಿಸುವ ಉಚಿತ ವಸತಿಯ ವಿಷಯದಲ್ಲಿ ಈ ಗೊಂದಲವೇ ನಡೆದುಬಂದಿದೆ. ಅನರ್ಹರು ಮನೆ ಹೊಡೆದುಕೊಂಡರೆಂಬ ಮಾತು ಪ್ರತಿಯೊಂದು ಮಳೆಗಾಲದ ಬೆನ್ನಿಗೂ ಕೇಳಿಬರುತ್ತದೆ. ಆ ಮಾತು ಸುಳ್ಳಲ್ಲ; ಪೂರ್ತಿ ನಿಜವೂ ಅಲ್ಲ.

ನಮ್ಮ ಜಿಲ್ಲೆಯ ಹಿರಿಯರು ‘ಮಾರಿ ಬೊಳ್ಳ’ವೆಂದು ಕರೆಯುತ್ತಿದ್ದ ನೇತ್ರಾವತಿಯ ಮಹಾಪೂರ ಬಂದದ್ದು 1923ರಲ್ಲಿ. ನಾನು ಕಣ್ಣಾರೆ ಕಂಡದ್ದು 1974ರ ನೆರೆಯನ್ನು. ಬಂಟ್ವಾಳ, ಪಾಣೆಮಂಗಳೂರುಗಳ ಬೀದಿಗಳು ಹೊಳೆಯಾಗಿದ್ದವು. ನಾನಾಗ ಶಾಲಾ ಬಾಲಕ. ನಮ್ಮ ಶಾಲೆಯಲ್ಲಿ ನಿರಾಶ್ರಿತರಿಗೆ ಗಂಜಿ ಬಡಿಸುತ್ತಿದ್ದಾಗ ಗುಡ್ಡದ ಮೇಲಿನ ಒಬ್ಬಾತ, ಒಂದು ಹನಿ ನೀರೂ ತಾಗದ ಮನೆಯವನು, ತಟ್ಟೆ ಹಿಡಿದು ಸಾಲಿನಲ್ಲಿ ನಿಂತ. ಹುಡುಗರಾದ ನಾವು ಗುಸುಗುಟ್ಟಿದೆವು. ನಮ್ಮ ಮಾಸ್ತರರು, “ಬಡಿಸು ಮಾರಾಯ, ಗಂಜಿಗೆಂಥ ಲೆಕ್ಕ!” ಎಂದುಬಿಟ್ಟರು. ಗಂಜಿಯ ಮಟ್ಟಿಗೆ ಆ ಮಾತು ಸರಿ. ಎಂಥ ಆಸೆಬುರುಕನೂ ಎರಡು ಕುಟುಂಬಗಳ ಗಂಜಿಯನ್ನು ಒಬ್ಬನೇ ಉಣ್ಣಲಾರ. ಹೊಟ್ಟೆಯೇ ಅಲ್ಲಿ ಲೆಕ್ಕ ಇಡುತ್ತದೆ. ಮನೆಗೆ ಆ ಮಿತಿಯಿಲ್ಲ. ಎರಡು ಮನೆಗಳನ್ನು ಪಡೆದು ಒಂದಕ್ಕೆ ಬೀಗ ಹಾಕಿಡಬಹುದು, ಇಲ್ಲವೇ ಬಾಡಿಗೆಗೆ ಕೊಡಬಹುದು.

2019ರ ಆಗಸ್ಟ್ ತಿಂಗಳಲ್ಲಿ ಬೆಳ್ತಂಗಡಿಯ ಘಟ್ಟದ ತಪ್ಪಲಿನಿಂದ ಬೆಳಗಾವಿಯವರೆಗೆ ಮನೆಗಳು ಉರುಳಿದವಷ್ಟೆ. ಸರಕಾರ ಹಾನಿಯನ್ನು ಎ, ಬಿ, ಸಿ ಎಂದು ಮೂರು ದರ್ಜೆ ಮಾಡಿತು. ಮುಕ್ಕಾಲು ಪಾಲಿಗಿಂತ ಹೆಚ್ಚು ಬಿದ್ದ ಮನೆಗೆ 5 ಲಕ್ಷ ರೂಪಾಯಿ. ಕಾಲು ಪಾಲಿಗಿಂತ ಕಡಿಮೆ ಬಿದ್ದದ್ದಕ್ಕೆ 50 ಸಾವಿರ. ವಾರವಿಡೀ ನೀರಿನಲ್ಲಿ ನೆನೆದ ಮಣ್ಣಿನ ಗೋಡೆ ಶೇಕಡ 24 ಬಿದ್ದಿತೋ 26 ಬಿದ್ದಿತೋ ಎಂದು ಹೇಳಬಲ್ಲ ತಕ್ಕಡಿ ಯಾವುದು? ಗ್ರಾಮಲೆಕ್ಕಿಗನ, ಎಂಜಿನಿಯರನ ಲೇಖನಿಯೇ ತಕ್ಕಡಿ. ಇಂಥ ಗೆರೆಯ ಆಚೆ ಈಚೆಯಲ್ಲಿ ದನದ ಕೊಟ್ಟಿಗೆ ವಾಸದ ಮನೆಯಾಗುತ್ತದೆ. ಅಣ್ಣತಮ್ಮಂದಿರ ಒಂದು ಒಲೆ ಕಾಗದದಲ್ಲಿ ಮೂರಾಗುತ್ತದೆ. ಮುಂಬಯಿಗೆ ಹೋದವರ ಪಾಳುಮನೆಗೆ ವಾರಸುದಾರರು ಹುಟ್ಟುತ್ತಾರೆ. ಅನರ್ಹರು ಪಟ್ಟಿ ಸೇರಿದರು, ಅರ್ಹರು ಬಿಟ್ಟುಹೋದರು ಎಂಬ ದೂರು ಆ ವರ್ಷ ಅನೇಕ ಜಿಲ್ಲೆಗಳಿಂದ ಬಂದಿತು. ಬಿಟ್ಟುಹೋಗುವವರಲ್ಲಿ ಮೊದಲಿಗರು ಬಾಡಿಗೆಯವರು. ಮನೆಯ ಪರಿಹಾರ ಸಾಮಾನ್ಯವಾಗಿ ಸಲ್ಲುವುದು ಮನೆ ಯಾರ ಹೆಸರಿನಲ್ಲಿದೆಯೋ ಅವರಿಗೆ. ಹೊಳೆಬದಿಯ ಕೋಣೆಯಲ್ಲಿ ಬೀಡಿ ಕಟ್ಟಿಕೊಂಡಿದ್ದ ಹೆಂಗಸಿನ ಪಾತ್ರೆ ಪಗಡಿ ತೇಲಿಹೋದರೂ ದಾಖಲೆಯ ಪ್ರಕಾರ ಆಕೆಯ ಮನೆ ಬಿದ್ದಿಲ್ಲ.

ಇನ್ನು ಮೋಸದಂತೆ ಕಂಡು ಮೋಸವಲ್ಲದ್ದನ್ನು ಹೇಳಬೇಕು. 2009ರ ನೆರೆಯ ಬಳಿಕ ಉತ್ತರ ಕರ್ನಾಟಕದಲ್ಲಿ ‘ಆಸರೆ’ ಯೋಜನೆಯಡಿ ಹೊಳೆದಂಡೆಯ ಹಳ್ಳಿಗಳಿಗೆ ಎತ್ತರದ ಜಾಗದಲ್ಲಿ ಮನೆಗಳನ್ನು ಕಟ್ಟಿಸಿದರು. ಹೆಸರು ಸೊಗಸಾದುದೇ, ಸಂಸ್ಕೃತದ ‘ಆಶ್ರಯ’ ನಮ್ಮ ಬಾಯಲ್ಲಿ ಪಳಗಿ ‘ಆಸರೆ’ಯಾಗಿದೆ. ಆದರೆ ಎಷ್ಟೋ ಮನೆಗಳು ಬೀಗ ಕಾಣದೆ, ಬಾಗಿಲು ಕಳೆದುಕೊಂಡು, ಜಾಲಿಮುಳ್ಳಿನ ನಡುವೆ ಉಳಿದವು. ಪುಕ್ಕಟೆ ಮನೆ ಪಡೆದು ಹಳೆಯ ಊರಿನಲ್ಲೇ ಕುಳಿತರೆಂದು ಪಟ್ಟಣದವರು ಆಕ್ಷೇಪಿಸಿದರು. 2019ರಲ್ಲಿ ಮಲಪ್ರಭೆ, ಕೃಷ್ಣೆಯರು ಮತ್ತೆ ಏರಿ ಬಂದಾಗ ಆ ಆಕ್ಷೇಪ ಇನ್ನಷ್ಟು ಗಟ್ಟಿಯಾಯಿತು. ಆದರೆ ಒಕ್ಕಲಿಗನ ಹೊಲ ಇರುವುದು ಹೊಳೆಯ ಮಗ್ಗುಲಲ್ಲಿ. ಎತ್ತು ಕಟ್ಟಲು, ಬಣವೆ ಒಟ್ಟಲು ಸ್ಥಳವಿಲ್ಲದ ಆ ಕಿರಿದಾದ ಮನೆ ಅವನಿಗೆ ಮನೆಯೇ ಅಲ್ಲ. ನಮ್ಮ ಉಳ್ಳಾಲದ ಮೊಗವೀರಪಟ್ಣದತ್ತ ಹೋಗಿ ನೋಡಿ. ಕಡಲು ಅಂಗಳವನ್ನು ಕೊರೆಯುತ್ತಿದ್ದರೂ ದೋಣಿ ಬಿಟ್ಟು ದೂರ ಹೋಗೆಂದರೆ ಮೀನುಗಾರ ಒಪ್ಪುವನೇ?

ಈ ಚಾಳಿ ನಮ್ಮವರಿಗಷ್ಟೇ ಅಂಟಿದ್ದೆಂದು ಭಾವಿಸಬೇಕಾಗಿಲ್ಲ. 2005ರಲ್ಲಿ ಅಮೆರಿಕದ ದಕ್ಷಿಣ ತೀರವನ್ನು ಕತ್ರೀನಾ ಚಂಡಮಾರುತ ಬಡಿಯಿತು. ಮರುವರ್ಷ ಅಲ್ಲಿನ ಸರಕಾರದ ಲೆಕ್ಕಪರಿಶೋಧಕರು, ಕುಟುಂಬಗಳಿಗೆ ಕೊಟ್ಟ ನೆರವಿನಲ್ಲಿ ಶೇಕಡ 16ರಷ್ಟು, ಸುಮಾರು 100 ಕೋಟಿ ಡಾಲರು, ಸಲ್ಲದವರಿಗೆ ಸಂದಿತೆಂದು ಅಂದಾಜು ಮಾಡಿದರು. ಹವಾಯಿ ದ್ವೀಪದ ಹೋಟೆಲಿನಲ್ಲಿ ಸರಕಾರದ ಖರ್ಚಿನಿಂದ 70 ರಾತ್ರಿ ತಂಗಿದ ಒಬ್ಬರು ಮನೆಬಾಡಿಗೆಯ ನೆರವನ್ನೂ ಕೂಡಿಯೇ ಪಡೆದಿದ್ದರಂತೆ! ಮುಂದಿನ ಕಥೆ ಇನ್ನೂ ಗಮನಾರ್ಹ. 2011ರಲ್ಲಿ ಅದೇ ಇಲಾಖೆ ಸಾವಿರಾರು ಕುಟುಂಬಗಳಿಗೆ, ನೀವು ಪಡೆದ ಹಣವನ್ನು ಹಿಂದಿರುಗಿಸಿರೆಂದು ಪತ್ರ ಬರೆಯಿತು. ಅವರಲ್ಲಿ ವಂಚನೆ ಮಾಡದವರು, ಕಚೇರಿಯ ತಪ್ಪಿನಿಂದಲೇ ಹಣ ಬಂದವರು ಬಹಳ ಮಂದಿ. ಆರು ವರ್ಷದ ಹಿಂದೆ ಅಕ್ಕಿ ಬೇಳೆಗೆ ಮುಗಿದ ದುಡ್ಡನ್ನು ಎಲ್ಲಿಂದ ತಂದಾರು? ಕೊನೆಗೆ ಅಂಥವರಿಗೆ ಮನ್ನಾ ಮಾಡಲು ಹೊಸ ಕಾನೂನನ್ನೇ ತರಬೇಕಾಯಿತು.

ಕಳ್ಳ ಹೆಸರೊಂದು ಪಟ್ಟಿ ಸೇರಿದಾಗ ಬೊಕ್ಕಸಕ್ಕಾಗುವ ನಷ್ಟಕ್ಕಿಂತ, ಮುಂದಿನ ಮಳೆಗೆ ಮನೆ ಕಳೆದುಕೊಳ್ಳುವವನಿಗಾಗುವ ನಷ್ಟವನ್ನೇ ನಾನು ದೊಡ್ಡದೆಂದು ಎಣಿಸುತ್ತೇನೆ. ಅವನು ಒಂದು ಕಾಗದದ ಕಡೆಗೆ ನಾಲ್ಕು ಕಾಗದ ತರಬೇಕು. ಆ ಕಾಗದಗಳಾದರೋ ಮನೆಯೊಂದಿಗೆ ಕೊಚ್ಚಿಹೋಗಿರುತ್ತವೆ. ಅವನನ್ನು ಕಾಣುವ ಅಧಿಕಾರಿಯ ಕಣ್ಣಿನಲ್ಲಿ ಮೊದಲೇ ಸಂಶಯ ಕುಳಿತಿರುತ್ತದೆ.

ಕನ್ನಡದಲ್ಲಿ ‘ನೆರೆ’ ಎಂದರೆ ಪ್ರವಾಹವೂ ಹೌದು, ಪಕ್ಕದ ಮನೆಯೂ ಹೌದು. ಯಾರ ಮನೆಗೆ ಎಷ್ಟು ನೀರು ನುಗ್ಗಿತೆಂಬುದು ನೆರೆಯವರಿಗೆ ತಿಳಿದಷ್ಟು ಯಾವ ಎಂಜಿನಿಯರನಿಗೂ ತಿಳಿಯದು. ಆದ್ದರಿಂದ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಬೇಕೆನ್ನುವವರಲ್ಲಿ ನಾನೂ ಒಬ್ಬ. ಆದರೆ ಆಕ್ಷೇಪವಿದ್ದರೆ ಹೇಳಿ ಎಂದರೆ ಸಭೆ ಮೌನವಾಗುತ್ತದೆ. ಗದ್ದೆಯ ನೀರು ಹಾದುಬರುವುದು ಅವನ ಗದ್ದೆಯಿಂದ, ಮಗಳ ಮದುವೆಗೆ ಚಪ್ಪರ ಹಾಕಲು ಬರುವವನು ಅವನೇ. ಹಗೆ ಕಟ್ಟಿಕೊಳ್ಳುವವರು ಯಾರು? ಅದಕ್ಕೆ ಬದಲಾಗಿ, ಈ ಪಟ್ಟಿಯಲ್ಲಿ ಯಾರ ಹೆಸರು ಬಿಟ್ಟುಹೋಗಿದೆ ಎಂದು ಮೊದಲು ಕೇಳಲಿ. ಹೊಳೆಬದಿಯ ಬಾಡಿಗೆ ಕೋಣೆಯಲ್ಲಿದ್ದ ಆ ಹೆಂಗಸಿನ ಹೆಸರನ್ನು ಹೇಳಲು ಯಾರೂ ಅಂಜಬೇಕಾಗಿಲ್ಲ.